ಹತ್ತಿರ ಹೋದರೆ ಹಕ್ಕಿ ಹಾರಿಹೋಗುತ್ತೆ, ಫೋಟೋ ತೆಗೆಯೋದು ಹೇಗೆ?

ಮನೆ ಸುತ್ತ ಹಕ್ಕಿಗಳು ಬರುತ್ತವೆ, ಕ್ಯಾಮೆರಾ ಹಿಡಿದು ಎರಡು ಹೆಜ್ಜೆ ಇಟ್ಟರೆ ಹಾರಿಹೋಗುತ್ತವೆ, ಇನ್ನೂ ದೊಡ್ಡ ಲೆನ್ಸ್ ಬೇಕಾ ಅಂತ ಕೇಳಿದ್ದೀರಿ. ಈಗಲೇ ಕೊಳ್ಳಬೇಡಿ. ಮೊದಲು ಒಂದು ವಾರ ಕ್ಯಾಮೆರಾ ಒಳಗಿಟ್ಟು, ಒಂದೇ ಜಾಗದಲ್ಲಿ ಸುಮ್ನೆ ಕೂತು ನೋಡಿ.

ಹಕ್ಕಿ ಹೆದರುವುದು ಯಾರೋ ಕೂತಿದ್ದಾರೆ ಅಂತಲ್ಲ, ತನ್ನ ಕಡೆಗೇ ಬರುತ್ತಿದ್ದಾರೆ ಅಂತ. ನೀವು ಕದಲದೆ ಕೂತರೆ ಸ್ವಲ್ಪ ಹೊತ್ತಿಗೆ ಅವು ಮತ್ತೆ ತಮ್ಮ ಕೆಲಸಕ್ಕೆ ಇಳಿಯುತ್ತವೆ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತರೆ ಇನ್ನೂ ಒಳ್ಳೆಯದು. ಕಿಟಕಿಯ ಹಿಂದೆ ಕೂತರೂ ಆಯಿತು. ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ತಾಗಿಸಿಡಿ, ಪ್ರತಿಬಿಂಬದ ಕಾಟ ಇರುವುದಿಲ್ಲ.

ಹೀಗೆ ಕೂತಾಗ ಹಕ್ಕಿಗಳ ಅಭ್ಯಾಸ ತಿಳಿಯುತ್ತದೆ. ನನ್ನ ಕಿಟಕಿಯ ಮುಂದಿನ ಹೂಗಿಡಕ್ಕೆ ಒಂದು ಗಂಡು ಸೂರಕ್ಕಿ ಬರುತ್ತಿತ್ತು, ಪರ್ಪಲ್ ಸನ್‌ಬರ್ಡ್ ಅನ್ನುತ್ತಾರಲ್ಲ, ಅದು. ಹೂವಿನ ಹತ್ತಿರ ಅದರ ಹಿಂದೆ ಕ್ಯಾಮೆರಾ ತಿರುಗಿಸಿ ತಿರುಗಿಸಿ ಸೋತಿದ್ದೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹೂವಿಗೆ ಇಳಿಯುವ ಮೊದಲು ಅದು ಪ್ರತಿ ಸಲ ಪಕ್ಕದ ಒಣಕಡ್ಡಿಯ ಮೇಲೆ ಒಂದು ಕ್ಷಣ ಕೂರುತ್ತಿತ್ತು. ಮರುದಿನ ಆ ಕಡ್ಡಿಗೇ ಫೋಕಸ್ ಮಾಡಿಟ್ಟು ಕಾದೆ. ಹಕ್ಕಿ ಬಂತು, ಕೂತಿತು, ಅಷ್ಟೇ!

ಆದರೂ ಮೊದಲ ಫೋಟೋಗಳಲ್ಲಿ ಅದು ಬರೀ ಕಪ್ಪು ಉಂಡೆಯಂತೆ ಬಂದಿತ್ತು. ಅದರ ಹೊಳಪು ಬಣ್ಣದ ಕಣಗಳಿಂದ ಮಾತ್ರ ಬರುವುದಲ್ಲ, ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಹಿಂದಿರುಗಿಸುವ ರೀತಿಯಿಂದ ಬರುವುದು. ಬೆಳಕಿನ ಕೋನ ಸರಿಯಿಲ್ಲದಿದ್ದರೆ ಕಪ್ಪು. ಸೂರ್ಯ ನನ್ನ ಬೆನ್ನ ಹಿಂದೆ ಇರುವ ಹೊತ್ತಿಗೆ ಕೂತಾಗ ಅದೇ ಹಕ್ಕಿ ನೀಲಿ, ನೇರಳೆ, ಹಸಿರು ಎಲ್ಲ ಹೊಳೆಯಿತು. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಗಂಡು ಹೊಳಪು ಕಳಚಿ ಹೆಚ್ಚುಕಡಿಮೆ ಹೆಣ್ಣಿನ ಹಾಗೇ ಆಗುತ್ತದೆ. ಗಂಟಲಿನಿಂದ ಎದೆಯ ನಡುವೆ ಒಂದು ಕಪ್ಪು ಗೆರೆ ಉಳಿದಿರುತ್ತದೆ. ಅದು ಗೊತ್ತಾಗುವ ತನಕ ನಾನು ಅದನ್ನು ಬೇರೆ ಜಾತಿ ಅಂತಲೇ ಪುಸ್ತಕದಲ್ಲಿ ಬರೆದಿಟ್ಟಿದ್ದೆ.

ಕ್ಯಾಮೆರಾ ವಿಷಯ ಬೇಗ ಹೇಳಿಬಿಡ್ತೀನಿ. ಫೋಕಸ್ ಯಾವಾಗಲೂ ಕಣ್ಣಿಗೆ. ಕೂತ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 1/500, ಹಾರುವುದಕ್ಕೆ 1/2000 ಹತ್ತಿರ ಇಟ್ಟು ಶುರು ಮಾಡಿ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ. ಚಿತ್ರ ಸ್ವಲ್ಪ ತರಿತರಿಯಾದರೂ ಪರವಾಗಿಲ್ಲ, ಅಲುಗಿದರೆ ಏನೂ ಮಾಡೋಕಾಗಲ್ಲ. ಹಿಂದೆ ಬರೀ ಆಕಾಶ ಇದ್ದರೆ ಹಕ್ಕಿ ಕಪ್ಪಾಗುತ್ತದೆ, ಚಿತ್ರ ಬೆಳಗಾಗಲು ಎಕ್ಸ್‌ಪೋಷರ್ +1 ಮಾಡಿ. ಹಕ್ಕಿ ಕಾಣದೆ ಕೂಗು ಮಾತ್ರ ಕೇಳಿಸಿದರೆ ಮೊಬೈಲಿನ ಮರ್ಲಿನ್ ಆ್ಯಪ್ ಹೆಸರು ಸೂಚಿಸುತ್ತದೆ. ಅದನ್ನೇ ನಂಬಿ ಬರೆದುಕೊಳ್ಳಬೇಡಿ, ಕಣ್ಣಾರೆ ಕಂಡ ಮೇಲೆ ಬರೆಯಿರಿ.

ಒಂದು ಮಾತು ಮಾತ್ರ ಬೇಡಿಕೊಂಡು ಹೇಳುತ್ತೇನೆ. ಗೂಡಿನ ಹತ್ತಿರ ಹೋಗಬೇಡಿ. ಶುರುವಿನಲ್ಲಿ ನಾನು ಹೋಗಿದ್ದೆ. ಪೊದೆಯೊಳಗೆ ಪಿಕಳಾರದ (ಬುಲ್‌ಬುಲ್) ಗೂಡು, ಮೂರು ಮರಿ. ಅಡ್ಡ ಇದ್ದ ಒಂದೇ ಒಂದು ಕೊಂಬೆಯನ್ನು ಬಗ್ಗಿಸಿ ಕಟ್ಟಿ ಫೋಟೋ ತೆಗೆದೆ. ಬಿಚ್ಚಿ ಬಂದೆ, ಆದರೆ ಎಲೆಗಳು ಮೊದಲಿನ ಹಾಗೆ ಮುಚ್ಚಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಕಾಗೆ ಅಲ್ಲೇ ಕೂತಿತ್ತು. ಗೂಡು ಖಾಲಿ. ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡೇ ಪೊದೆಗೂ ತಂತಿಗೂ ಓಡಾಡುತ್ತಿತ್ತು. ಆ ಫೋಟೋಗಳನ್ನು ಅಳಿಸಿಬಿಟ್ಟೆ. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಮರಿ ಬಿಟ್ಟು ಜಗಳಕ್ಕೆ ಬರುತ್ತವೆ ಪಾಪ.

ಮರಿಗಳ ಫೋಟೋ ಬೇಕೇ ಬೇಕು ಅಂದ್ರೆ ಕಾಯಿರಿ. ಪಿಕಳಾರದ ಮರಿ ಗೂಡು ಬಿಟ್ಟ ಮೇಲೂ ಕೆಲವು ದಿನ ಕೊಂಬೆಯ ಮೇಲೆ ರೆಕ್ಕೆ ನಡುಗಿಸುತ್ತಾ ಬಾಯಿ ತೆರೆದು ಕೂರುತ್ತದೆ, ಅಪ್ಪ ಅಮ್ಮ ಇಬ್ಬರೂ ತಂದು ತಿನ್ನಿಸುತ್ತವೆ. ಗೂಡು ಖಾಲಿಯಾದ ಮರುವರ್ಷ ಆ ದೃಶ್ಯವನ್ನು ನಾನು ಅದೇ ಕಿಟಕಿಯ ಹಿಂದೆ ಕುರ್ಚಿಯಿಂದ ಏಳದೆ ತೆಗೆದೆ.