ತೋಡಿನ ನೀರಿಗೆ ಸಮುದ್ರದ ಸೆಟ್ಟಿಂಗ್ ಯಾಕೆ?

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನ ತೋಡಿನಲ್ಲಿ ಜನವರಿಯ ನೀರು ತಳ ಕಾಣುವಷ್ಟು ತಿಳಿ. ವಾಟರ್‌ಪ್ರೂಫ್ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ‘ಅಂಡರ್‌ವಾಟರ್’ ಮೋಡ್‌ನಲ್ಲಿಟ್ಟರೆ ಕಲ್ಲು, ಮೀನು ಎಲ್ಲ ಗುಲಾಬಿ ಬಣ್ಣ. ಫ್ಲ್ಯಾಶ್ ಹಾಕಿದರೆ ಚಿತ್ರದ ತುಂಬ ಬಿಳಿ ಚುಕ್ಕೆ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ಕ್ಯಾಮೆರಾ ಕೆಟ್ಟಿಲ್ಲ. ಆ ಮೋಡ್ ಇರುವುದು ಸಮುದ್ರಕ್ಕೆ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಐದಾರು ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಅದರ ಬಹುಪಾಲು ಹೋಗಿರುತ್ತದೆ. ಆ ಕೊರತೆ ತುಂಬಲು ಕ್ಯಾಮೆರಾ ಕೆಂಪನ್ನು ಏರಿಸುತ್ತದೆ. ಎರಡಡಿ ನೀರಿನಲ್ಲಿ ಕೆಂಪು ಇನ್ನೂ ಹೋಗಿಯೇ ಇರುವುದಿಲ್ಲ, ಅದರ ಮೇಲೆ ಮತ್ತಷ್ಟು ಸುರಿದಂತಾಯಿತು. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ‘ಡೇಲೈಟ್’ಗೆ ಇಡಿ. ಇನ್ನೂ ಒಳ್ಳೆಯದೆಂದರೆ ಬಿಳಿ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಮೀನಿರುವ ಆಳದಲ್ಲೇ ಹಿಡಿದು ಅದೇ ಬಿಳಿ ಎಂದು ಕ್ಯಾಮೆರಾಗೆ ತೋರಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡುವುದು. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ಸಿಗುವ ಕ್ಯಾಮೆರಾವಾದರೆ ಬಣ್ಣವನ್ನು ಮನೆಯಲ್ಲೂ ತಿದ್ದಬಹುದು.

ಚುಕ್ಕೆಗಳು ನೀರಿನಲ್ಲಿ ತೇಲುವ ಮಣ್ಣಿನ ಕಣ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಪ್ರತಿ ಕಣವೂ ಬೆಳಕನ್ನು ನೇರ ವಾಪಸು ಕಳಿಸುತ್ತದೆ. ಫ್ಲ್ಯಾಶ್ ಆರಿಸಿ, 10ರಿಂದ 2 ಗಂಟೆಯೊಳಗೆ ಇಳಿಯಿರಿ. ಓರೆ ಬಿಸಿಲು ನೀರಿನ ಮೇಲ್ಮೈಯಿಂದಲೇ ಹೆಚ್ಚು ಪ್ರತಿಫಲಿಸಿ ಹೋಗುತ್ತದೆ.

ಶಟರ್ ವೇಗ 1/250 ಸೆಕೆಂಡ್, ಚುರುಕು ಮೀನಿಗೆ 1/500. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ ಇರಲಿ, ಮಿತಿ 1600. ಸಿಲ್ವರ್ ಓಕ್ ನೆರಳಿನ ನಡುವೆ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುವ ಕಡೆ ಮೀನಿನ ಬೆಳ್ಳಿ ಹೊಟ್ಟೆ ಸುಟ್ಟು ಬಿಳಿಯಾಗುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) −0.7 ಇಡಿ. ಜೂಮ್ ಮುಟ್ಟಬೇಡಿ. ಚಪ್ಪಟೆ ಗಾಜಿನ ಹಿಂದಿನ 28 ಎಂಎಂ ಲೆನ್ಸ್ ನೀರೊಳಗೆ ಸುಮಾರು 37 ಎಂಎಂ ಲೆನ್ಸಿನಂತೆ ಕಡಿಮೆ ಅಗಲವನ್ನಷ್ಟೇ ಹಿಡಿಯುತ್ತದೆ, ಜೂಮ್ ಮಾಡಿದರೆ ಇನ್ನೂ ಇಕ್ಕಟ್ಟು. ಹತ್ತಿರ ಹೋಗುವುದೇ ದಾರಿ: ಒಂದಡಿ, ಹೆಚ್ಚೆಂದರೆ ಎರಡಡಿ.

ಇಷ್ಟೆಲ್ಲ ಸರಿಯಿದ್ದೂ ಚಿತ್ರ ಕೆಡುವುದು ಕಾಲಿನಿಂದ. ಹರಿವಿನಲ್ಲಿ ಮೀನಿಗಿಂತ ಮೇಲ್ಗಡೆ ನಿಂತರೆ ನೀವು ಕಲಕಿದ ರಾಡಿ ನೇರ ಲೆನ್ಸಿನ ಮುಂದೆ ಬರುತ್ತದೆ. ಹರಿವಿನ ಕೆಳಗಿನಿಂದ ಹೋಗಿ. ಆದರೆ ಮೀನು ಹರಿವಿಗೆ ಎದುರಾಗಿ ನಿಲ್ಲುವುದರಿಂದ ಬಾಲವಷ್ಟೇ ಸಿಗುತ್ತದೆ! ಕಾಲು ಕೆಳಗಡೆಯೇ ಇರಲಿ, ಕ್ಯಾಮೆರಾ ಹಿಡಿದ ಕೈಯನ್ನು ಮಾತ್ರ ಪಕ್ಕಕ್ಕೆ ಚಾಚಿ ಎರಡು ನಿಮಿಷ ಅಲ್ಲಾಡದೆ ಕಾಯಿರಿ.

ಪ್ರಶ್ನೆ: ಆಕ್ಷನ್ ಕ್ಯಾಮೆರಾದ ಹೌಸಿಂಗ್ (ನೀರು ತಡೆಯುವ ಹೊರಡಬ್ಬಿ) ಒಳಗೆ ಹತ್ತು ನಿಮಿಷಕ್ಕೆ ಮಂಜು ಕಟ್ಟುತ್ತದೆ. ಸೋರುತ್ತಿದೆಯೇ?
– ಓದುಗರು, ಮಡಿಕೇರಿ

ಉತ್ತರ: ಬಹುಶಃ ಇಲ್ಲ. ನಮ್ಮ ಊರಿನ ಗಾಳಿಯೇ ತೇವ. ಅದನ್ನು ಒಳಗೆ ಹಾಕಿ ಮುಚ್ಚುತ್ತೀರಿ, ಕ್ಯಾಮೆರಾ ಬಿಸಿಯಾಗುತ್ತದೆ, ಹೊರಗೆ ತಣ್ಣೀರು. ಹಬೆ ಗಾಜಿಗೆ ಕೂರುತ್ತದೆ. ಹೊಳೆ ಬದಿಯಲ್ಲಿ ಮುಚ್ಚಬೇಡಿ. ಮನೆಯೊಳಗೆ ಒಣ ಜಾಗದಲ್ಲಿ, ತೇವ ಹೀರುವ ಹೊಸ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿ. ಅನುಮಾನವಿದ್ದರೆ ಕ್ಯಾಮೆರಾ ತೆಗೆದು, ಖಾಲಿ ಹೌಸಿಂಗಿನಲ್ಲಿ ಟಿಶ್ಯೂ ಪೇಪರ್ ಇಟ್ಟು ಬಕೆಟ್ ನೀರಿನಲ್ಲಿ 15 ನಿಮಿಷ ಅದುಮಿ ಹಿಡಿಯಿರಿ. ಪೇಪರ್ ಒದ್ದೆಯಾದರೆ ರಬ್ಬರ್ ರಿಂಗ್ ನೋಡಿ: ಒಂದು ಕೂದಲೆಳೆ, ಒಂದು ಮರಳು ಕಾಳು ಸಾಕು.

ಪ್ರಶ್ನೆ: ಜುಲೈಯಲ್ಲಿ ಕಾವೇರಿಯಲ್ಲಿ ಪ್ರಯತ್ನಿಸಬಹುದೇ?
– ಓದುಗರು, ಕುಶಾಲನಗರ

ಉತ್ತರ: ಬೇಡ. ಕೆಂಪು ನೀರಿನಲ್ಲಿ ಯಾವ ಸೆಟ್ಟಿಂಗೂ ನಡೆಯದು, ಸೆಳೆತವಂತೂ ಪ್ರಾಣಕ್ಕೇ ಅಪಾಯ. ಡಿಸೆಂಬರ್‌ವರೆಗೆ ಕಾಯಿರಿ. ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯದೊಳಗಿನ ತೊರೆಗಳಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.