ದೂರದಲ್ಲಿದ್ದೇ ಅಜ್ಜನ ದುಃಖಕ್ಕೆ ಜೊತೆಯಾಗುವುದು

ಪರದೇಶಕ್ಕೆ ಬಂದು ಕೆಲವೇ ತಿಂಗಳಾಗಿರುವ ನೀವು, ಇಲ್ಲಿನ ಬದುಕಿಗೆ ಹೊಂದಿಕೊಳ್ಳುವುದು ಹೇಗೆ ಎಂದು ಕೇಳುತ್ತಲೇ, ಅಜ್ಜಿ ತೀರಿಕೊಂಡ ಮೇಲೆ ಮಾತನ್ನೇ ಕಡಿಮೆ ಮಾಡಿರುವ ಅಜ್ಜನಿಗೆ ಇಷ್ಟು ದೂರದಿಂದ ಮತ್ತೆ ನಗು ತರಲು ಸಾಧ್ಯವೇ ಎಂದೂ ಕೇಳಿದ್ದೀರಿ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಕಾಗದಪತ್ರಗಳೆಲ್ಲ ವರ್ಷದೊಳಗೆ ಒಂದು ದಾರಿಗೆ ಬರುತ್ತವೆ. ಎರಡನೆಯ ಪ್ರಶ್ನೆಯೇ ದೊಡ್ಡದು, ಅದಕ್ಕೇ ಉತ್ತರಿಸುತ್ತೇನೆ. ಸಾಧ್ಯವಿದೆ, ತನ್ನಿಂದ ಮೊಮ್ಮಕ್ಕಳಿಗೆ ಇನ್ನೂ ಆಗಬೇಕಾದದ್ದಿದೆ ಎಂದು ಅವರಿಗೆ ನಿಜವಾಗಿ ಅನ್ನಿಸಿದ ದಿನ ಅದು ಶುರುವಾಗುತ್ತದೆ.

ನನ್ನ ಅಜ್ಜನೂ ಹಾಗೆಯೇ ಇದ್ದರು. ‘ಊಟ ಆಯಿತು, ಆರೋಗ್ಯವಾಗಿದ್ದೇನೆ’ ಎಂದಷ್ಟೇ ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದರು. ಒಂದು ಸಂಜೆ ನನ್ನ ಸೈಕಲ್ ಪಂಕ್ಚರ್ ಆಗಿತ್ತು, ಹೇಗೆ ಸರಿಮಾಡುವುದೆಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ವಿಡಿಯೊ ಕರೆಯಲ್ಲಿ ಕೇಳಿದಾಗ ಅವರು ಕನ್ನಡಕ ತರಿಸಿಕೊಂಡು, ಬರೀ ಹಣೆ ಕಾಣುವಷ್ಟು ಪರದೆಯ ಮೇಲೆ ಬಾಗಿ, ‘ಟ್ಯೂಬನ್ನು ನೀರಿನಲ್ಲಿ ಮುಳುಗಿಸು, ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕು, ಒರಸಿ ಒಣಗಿಸದೆ ಅಂಟು ಹಚ್ಚಬೇಡ’ ಎಂದು ಕೊನೆಯವರೆಗೂ ಹೇಳಿಕೊಟ್ಟರು. ನಡುವೆ, ಅಜ್ಜಿ ಹಿಂದೆ ಕುಳಿತಾಗಲೇ ತಮ್ಮ ಸೈಕಲ್ಲಿನ ಗಾಳಿ ಹೋಗುತ್ತಿದ್ದುದನ್ನು ನೆನೆದು ನಕ್ಕರು. ನಗುತ್ತಿದ್ದಂತೆಯೇ ಅವರ ಕಣ್ಣು ತುಂಬಿತು. ಮರುದಿನ ಅವರೇ ಕರೆ ಮಾಡಿ ಕೇಳಿದ ಮೊದಲ ಮಾತು, ‘ರಾತ್ರಿ ಗಾಳಿ ನಿಂತಿತ್ತೇ?’

ನಿಮ್ಮ ಅಜ್ಜನಲ್ಲೂ ಅಂಥ ಕಣ್ಣೀರನ್ನು ಕಂಡರೆ ನೀವು ಗಾಬರಿಯಾಗಬೇಕಿಲ್ಲ, ಮಾತು ಬದಲಿಸಲೂಬೇಕಿಲ್ಲ. ಶೋಕಕ್ಕೆ ಐದು ಮೆಟ್ಟಿಲುಗಳಿವೆ, ಒಂದೊಂದಾಗಿ ದಾಟಬೇಕು ಎಂಬ ಮಾತನ್ನು ಕೇಳಿರುತ್ತೀರಿ. ಆದರೆ 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಆ ಹಂತಗಳನ್ನು ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಮಾತುಗಳ ಆಧಾರದ ಮೇಲೆ. ಅಗಲಿಕೆಯಲ್ಲಿ ಉಳಿದವರ ಸ್ಥಿತಿಗೆ ಹೆಚ್ಚು ಹೊಂದುವುದು, 1999ರಲ್ಲಿ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ ಮುಂದಿಟ್ಟ ವಿವರಣೆ ಎಂದು ನನಗನ್ನಿಸುತ್ತದೆ: ಮನಸ್ಸು ಒಮ್ಮೆ ಕಳೆದುಕೊಂಡವರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ಓಲಾಡುತ್ತದೆ, ಆ ಓಲಾಟವೇ ಚೇತರಿಕೆಯ ದಾರಿ. ಆದ್ದರಿಂದ ಅಜ್ಜಿಯ ಹೆಸರನ್ನು ತಪ್ಪಿಸಬೇಡಿ, ನೀವೇ ಎತ್ತಿ. ಅಜ್ಜಿಯೇ ನೋಡಿಕೊಳ್ಳುತ್ತಿದ್ದ ಮನೆಗೆಲಸವೊಂದು ಈಗ ಅಜ್ಜನ ತಲೆಯ ಮೇಲೆ ಬಿದ್ದಿದ್ದರೆ, ಅದನ್ನು ಅವರ ಜೊತೆಯಲ್ಲೇ ಕಲಿಯಿರಿ.

ಕರೆಗೆ ಒಂದು ಹೊತ್ತು ನಿಗದಿಯಾಗಲಿ, ಅದು ಅವರ ಗಡಿಯಾರದ ಪ್ರಕಾರವೇ ಇರಲಿ. ಬೇಸಿಗೆ ಮತ್ತು ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಬದಲಿಸುವ ದೇಶದಲ್ಲಿ ನೀವಿದ್ದರೆ, ಆ ವ್ಯತ್ಯಾಸವನ್ನು ನೀವೇ ಸರಿದೂಗಿಸಿಕೊಳ್ಳಿ. ಫೋನಿನ ಮುಂದೆ ಕಾದು ಕುಳಿತ ವೃದ್ಧರಿಗೆ ಒಂದು ಗಂಟೆಯೆಂದರೆ ಬಹಳ ದೀರ್ಘ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯ ಧ್ವನಿಗಳನ್ನು, ಹಾಗಾಗಿ ಎಷ್ಟೋ ವ್ಯಂಜನಗಳು ಅಸ್ಪಷ್ಟವಾಗುತ್ತವೆ. ತುಟಿಯ ಚಲನೆ ಅವರಿಗೆ ಕಾಣುವಂತೆ, ಮುಖದ ಮೇಲೆ ಬೆಳಕು ಬೀಳುವ ಕಡೆ ಕುಳಿತು ನಿಧಾನವಾಗಿ ಮಾತನಾಡಿ. ‘ನಾನು ಚೆನ್ನಾಗಿದ್ದೇನೆ’ ಎಂಬ ಒಂದೇ ಮಾತನ್ನು ದಿನವೂ ಒಪ್ಪಿಸಬೇಡಿ. ಹೊಸ ಊರಿನಲ್ಲಿ ನಿಮಗೂ ಒಂಟಿತನ ಕಾಡುತ್ತಿದ್ದರೆ ಅದನ್ನು ಹೇಳಿ, ಸಲಹೆ ಕೇಳಿ. ಒಂಟಿತನದ ವಿಷಯದಲ್ಲಿ ಈಗ ನಿಮ್ಮಿಬ್ಬರಷ್ಟು ಪರಸ್ಪರ ಅರ್ಥಮಾಡಿಕೊಳ್ಳಬಲ್ಲವರು ಮನೆಯಲ್ಲಿ ಬೇರೆ ಯಾರೂ ಇರಲಾರರು.

ಪರದೆಯಲ್ಲಿ ಕಾಣದಿರುವುದೂ ಬಹಳಷ್ಟಿದೆ. ಅವರು ಎಷ್ಟು ಉಣ್ಣುತ್ತಾರೆ, ಎಷ್ಟು ನಿದ್ರಿಸುತ್ತಾರೆ, ಬಟ್ಟೆ ಸಡಿಲವಾಗಿದೆಯೇ, ಔಷಧಿ ತಪ್ಪುತ್ತಿದೆಯೇ ಎಂಬುದನ್ನು ಹತ್ತಿರದಲ್ಲಿರುವ ಒಬ್ಬರನ್ನು ಕೇಳಿ ತಿಳಿಯುತ್ತಿರಿ. ತೀವ್ರ ಹಂಬಲ ಆರು ತಿಂಗಳು ದಾಟಿಯೂ ಸ್ವಲ್ಪವೂ ಇಳಿಯದೆ ದಿನನಿತ್ಯದ ಬದುಕನ್ನೇ ನಿಲ್ಲಿಸಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗ ವರ್ಗೀಕರಣವು ಅದನ್ನು ದೀರ್ಘಕಾಲದ ಶೋಕವೆಂಬ ತೊಂದರೆಯಾಗಿ ಪರಿಗಣಿಸುತ್ತದೆ. ಅದಕ್ಕೆ ಚಿಕಿತ್ಸೆಯೂ ಇದೆ. ಸಾಯುವ ಮಾತು ಬಾಯಿಗೆ ಬಂದರಂತೂ ಯಾವ ಅವಧಿಯನ್ನೂ ಕಾಯದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯುವಂತೆ ಮನೆಯವರಿಗೆ ಹೇಳಿ.

ಕೊನೆಯದಾಗಿ ರಜೆಯ ವಿಷಯ. ಅಜ್ಜಿ ಹೋಗಿ ವರ್ಷ ತುಂಬುವ ದಿನ ಮನೆ ತುಂಬ ಜನರಿರುತ್ತಾರೆ. ಅವರೆಲ್ಲ ಹೊರಟುಹೋದ ಮೇಲಿನ ವಾರವೇ ಅಜ್ಜನಿಗೆ ಕಷ್ಟದ್ದು. ನೀವು ಹೋಗಬೇಕಾದದ್ದು ಆ ವಾರಕ್ಕೆ. ಹೊಸ ಕೆಲಸದಲ್ಲಿ ಮೊದಲ ವರ್ಷ ರಜೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ದಿನಾಂಕವನ್ನು ಈಗಲೇ ಮೇಲಧಿಕಾರಿಗಳಿಗೆ ಬರೆದು ತಿಳಿಸಿ, ಒಪ್ಪಿಗೆ ಬಂದ ಕೂಡಲೇ ಅಜ್ಜನಿಗೂ ಹೇಳಿ.