ಪಿಇ ಐದು ಇದ್ದರೆ ತೈಲ ಕಂಪನಿ ಶೇರು ಅಗ್ಗ ಅಂತಾನಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು: ಹಾವೇರಿಯಲ್ಲಿದ್ದೀರಿ, ಕೈಯಲ್ಲಿ 50 ಸಾವಿರ ಇದೆ, ಎರಡು ವರ್ಷ ಬಿಟ್ಟು ಮಗಳ ಕಾಲೇಜಿಗೆ ಅದರಲ್ಲಿ ಸ್ವಲ್ಪ ಬೇಕಾಗಬಹುದು. ಎಚ್‌ಪಿಸಿಎಲ್, ಒಎನ್‌ಜಿಸಿ ತರದ ಸರ್ಕಾರಿ ತೈಲ ಕಂಪನಿಗಳ ಶೇರುಗಳು ಐದಾರು ಪಿಇಗೇ, ಅಂದರೆ ಒಂದು ಶೇರಿನ ಪಾಲಿಗೆ ಬರುವ ವರ್ಷದ ಲಾಭದ ಐದಾರು ಪಟ್ಟು ಬೆಲೆಗೇ ಸಿಗುತ್ತವೆ, ಡಿವಿಡೆಂಡೂ (ಲಾಭದಲ್ಲಿ ಶೇರುದಾರರಿಗೆ ಹಂಚುವ ಪಾಲು) ಕೊಡುತ್ತವೆ, ತೈಲ ಶುದ್ಧ ಮಾಡುವ ಎಂಆರ್‌ಪಿಎಲ್ ಅಂತೂ ನಮ್ಮ ಮಂಗಳೂರಿನದ್ದೇ. ಹಾಗಾದರೆ ಇವು ಅಗ್ಗ ಅಲ್ವಾ?

ನಾನು ಹುಬ್ಬಳ್ಳಿಯಲ್ಲಿ ಅಮರಗೋಳದ ಎಪಿಎಂಸಿ ವ್ಯಾಪಾರಿಗಳ ಲೆಕ್ಕ ಬರೆಯುವವನು. ಶೇರು ಸಲಹೆಗಾರ ಅಲ್ಲ. ಆದರೆ ಈ ಕಂಪನಿಗಳ ವಾರ್ಷಿಕ ವರದಿ ಓದುವ ಚಟ ಬಹಳ ಹಿಂದಿನಿಂದ ಇದೆ. ನೇರ ಉತ್ತರ ಬೇಕು ಅಂದರೆ, ಒಂದು ವರ್ಷದ ಲಾಭ ನೋಡಿ ತೈಲ ಕಂಪನಿಗೆ ಬೆಲೆ ಕಟ್ಟಬೇಡಿ. ಪಿಇ ತುಂಬಾ ಕಡಿಮೆ ಕಾಣುವಾಗಲೇ ಜಾಸ್ತಿ ಹುಷಾರಾಗಿರಬೇಕು.

ಮೊದಲು ಇವೆಲ್ಲ ಒಂದೇ ಜಾತಿಯ ಶೇರುಗಳಲ್ಲ. ಬ್ಯಾಡಗಿ ಮಾರ್ಕೆಟ್ ನಿಮಗೆ ಗೊತ್ತೇ ಇರುತ್ತದೆ. ಮೆಣಸಿನಕಾಯಿ ರೇಟು ಏರಿದರೆ ಬೆಳೆದವನಿಗೆ ಖುಷಿ, ಅದನ್ನೇ ಕೊಂಡು ಖಾರದಪುಡಿ ಮಾಡಿ ಮಾರುವವನಿಗೆ ತಲೆನೋವು. ಒಎನ್‌ಜಿಸಿ, ಆಯಿಲ್ ಇಂಡಿಯಾ ನೆಲದಿಂದ ಕಚ್ಚಾ ತೈಲ ತೆಗೆಯುವವು, ಅಂದರೆ ಬೆಳೆದವನ ಕಡೆ. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಕೊಂಡು, ಶುದ್ಧ ಮಾಡಿ, ಬಂಕ್‌ನಲ್ಲಿ ಮಾರುವವು. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುವುದರಿಂದ ಬ್ಯಾರೆಲ್ ಬೆಲೆ ಏರಿದರೆ ಈ ಮೂರಕ್ಕೂ ಏಟು ಬೀಳುತ್ತದೆ. ಟಿವಿಯಲ್ಲಿ ‘ತೈಲ ಬೆಲೆ ಏರಿಕೆ’ ಅಂತ ಬಂದ ಕೂಡಲೇ ಎಚ್‌ಪಿಸಿಎಲ್ ಕೊಳ್ಳೋಕೆ ಓಡುವವರನ್ನು ನೋಡಿದ್ದೇನೆ, ಅವರಿಗೆ ಇಷ್ಟನ್ನು ಯಾರೂ ಹೇಳಿರುವುದಿಲ್ಲ.

ಖಾರದಪುಡಿಯವನು ರೇಟು ಏರಿಸಿ ಬಚಾವಾಗಬಹುದು. ಬಂಕ್‌ನಲ್ಲಿ ಅದು ಅಷ್ಟು ಸಲೀಸಲ್ಲ. ಕಾಗದದ ಮೇಲೆ ಪೆಟ್ರೋಲ್ ಬೆಲೆ 2010ರಲ್ಲೇ ಮುಕ್ತ ಆಯಿತು, ಡೀಸೆಲ್ 2014ರಲ್ಲಿ, 2017ರ ಜೂನ್‌ನಿಂದ ದಿನಾ ಬದಲಾಗುವ ಪದ್ಧತಿಯೂ ಬಂತು. ಆದರೆ ಯುಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಏಪ್ರಿಲ್ 6ರಿಂದ, ಕಂಪನಿಗಳು ತಮ್ಮ ಬೆಲೆಯನ್ನು ಹೆಚ್ಚುಕಮ್ಮಿ ಎರಡು ವರ್ಷ ಅಲ್ಲಾಡಿಸಲೇ ಇಲ್ಲ. ಆಮೇಲೆ 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಗೆ ಮುಂಚೆ, ಎರಡು ರೂಪಾಯಿ ಇಳಿಸಿದವು.

ಇದರ ಪರಿಣಾಮ ಎಚ್‌ಪಿಸಿಎಲ್ ಲೆಕ್ಕದಲ್ಲಿ ನೋಡ್ರಿ. 2021-22ರಲ್ಲಿ ಲಾಭ ಸುಮಾರು 6,380 ಕೋಟಿ. ಮರು ವರ್ಷ ಸುಮಾರು 8,970 ಕೋಟಿ ನಷ್ಟ. 2023-24ರಲ್ಲಿ 14,690 ಕೋಟಿ ಲಾಭ, ಅದರ ಮುಂದಿನ ವರ್ಷ ಅದರ ಅರ್ಧ, ಸುಮಾರು 7,365 ಕೋಟಿ. ಈಗ ಒಂದು ಲೆಕ್ಕ ಮಾಡೋಣ. 2024ರಲ್ಲಿ ಇದ್ದವರಿಗೆ ಪುಕ್ಕಟೆ ಬೋನಸ್ ಶೇರು ಕೊಟ್ಟ ಮೇಲೆ ಕಂಪನಿಯ ಒಟ್ಟು ಶೇರುಗಳು ಸುಮಾರು 213 ಕೋಟಿ. ಶೇರಿನ ಬೆಲೆ ಸುಮ್ನೆ 350 ರೂಪಾಯಿ ಅಂತ ಇಟ್ಟುಕೊಳ್ಳಿ. 2023-24ರ ಲಾಭವನ್ನಷ್ಟೇ ಹಿಡಿದರೆ ಒಂದು ಶೇರಿಗೆ 69 ರೂಪಾಯಿ ಗಳಿಕೆ, ಪಿಇ ಐದು. ನಾಲ್ಕೂ ವರ್ಷ ಕೂಡಿಸಿ ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು 4,870 ಕೋಟಿ, ಶೇರಿಗೆ 23 ರೂಪಾಯಿ ಕೂಡ ಬರಲ್ಲ, ಪಿಇ ಹದಿನೈದು! ಅದೇ ಕಂಪನಿ, ಅದೇ ಬೆಲೆ. ಆ್ಯಪ್‌ನಲ್ಲಿ ಕಾಣುವುದು ಮಾತ್ರ ಐದು. ಇನ್ನು ನಷ್ಟದ ವರ್ಷದಲ್ಲಿ ಪಿಇ ಅನ್ನುವುದೇ ಇರುವುದಿಲ್ಲ, ಆಗ ಎಲ್ಲರೂ ಈ ಶೇರು ಕೆಟ್ಟದ್ದು ಅಂತ ದೂರ ಇರುತ್ತಾರೆ.

ಹಾಗಾಗಿ ಇಂಥ ಕಂಪನಿಯ ನಾಲ್ಕೈದು ವರ್ಷದ ಲಾಭದ ಸರಾಸರಿ ತೆಗೆಯಿರಿ, ಪಕ್ಕದಲ್ಲಿ ಬುಕ್ ವ್ಯಾಲ್ಯೂ (ಕಂಪನಿಯ ಆಸ್ತಿಯಲ್ಲಿ ಸಾಲ ಕಳೆದು ಒಂದು ಶೇರಿನ ಪಾಲಿಗೆ ಬರುವಷ್ಟು) ಇಟ್ಟುಕೊಳ್ಳಿ, ಸಾಲ ಎಷ್ಟಿದೆ ನೋಡಿ. ಎಲ್‌ಪಿಜಿ ಸಿಲಿಂಡರ್ ಬಾಬತ್ತನ್ನೂ ಮರೆಯಬೇಡಿ. ಕಡಿಮೆ ಬೆಲೆಗೆ ಮಾರಿದ ನಷ್ಟ ಕಂಪನಿಯ ಲೆಕ್ಕದಲ್ಲಿ ಕೂರುತ್ತದೆ, ಸರ್ಕಾರ ಯಾವಾಗ ತುಂಬಿಕೊಡುತ್ತದೋ ಆಗ ಬಂತು. 2022ರ ಅಕ್ಟೋಬರ್‌ನಲ್ಲಿ ಮೂರೂ ಕಂಪನಿಗೆ ಸೇರಿ 22,000 ಕೋಟಿ ಕೊಟ್ಟರು, 2025ರ ಆಗಸ್ಟ್‌ನಲ್ಲಿ 30,000 ಕೋಟಿಗೆ ಒಪ್ಪಿಗೆ ಆಯಿತು. ಇಂಥ ದುಡ್ಡು ಬಂದ ವರ್ಷದ ಲಾಭ ನೋಡಿ ‘ವಾಹ್’ ಅನ್ನುವುದು ಬೇಡ.

ಬೆಳೆದವನ ಕಡೆಗೆ ಬಂದರೆ, ಅಲ್ಲೂ ಸರ್ಕಾರದ ಕೈ ಇದೆ. 2022ರ ಜುಲೈ 1ರಂದು ದೇಶದಲ್ಲಿ ತೆಗೆದ ಕಚ್ಚಾ ತೈಲದ ಮೇಲೆ ಟನ್ನಿಗೆ 23,250 ರೂಪಾಯಿ ವಿಂಡ್‌ಫಾಲ್ ತೆರಿಗೆ, ಅಂದರೆ ಬೆಲೆ ಏರಿ ದಿಢೀರ್ ಬಂದ ಲಾಭದ ಮೇಲಿನ ತೆರಿಗೆ ಹಾಕಿದರು. ಅದು ಬ್ಯಾರೆಲ್‌ಗೆ ಹೆಚ್ಚುಕಮ್ಮಿ 40 ಡಾಲರ್ ಆಗುತ್ತದೆ. ಒಎನ್‌ಜಿಸಿ ಶೇರು ಆ ಒಂದೇ ದಿನ ಶೇ 13ರ ಆಸುಪಾಸು ಬಿತ್ತು. ತೆರಿಗೆ ತೆಗೆದದ್ದು 2024ರ ಡಿಸೆಂಬರ್‌ನಲ್ಲಿ. ಅಂದರೆ ಬೆಲೆ ಬಿದ್ದರೆ ನಷ್ಟ ಪೂರ್ತಿ ನಿಮ್ಮದು, ತುಂಬಾ ಏರಿದರೆ ಲಾಭದಲ್ಲಿ ಪಾಲು ಕೇಳಲು ಇನ್ನೊಬ್ಬರು ಬರುತ್ತಾರೆ. ಒಎನ್‌ಜಿಸಿಯ ಸ್ವಂತ ಕಚ್ಚಾ ತೈಲ ಉತ್ಪಾದನೆಯೂ ಹತ್ತು ವರ್ಷದ ಹಿಂದಿಗಿಂತ ಕಡಿಮೆ. ಕೃಷ್ಣಾ ಗೋದಾವರಿ ಕಣಿವೆಯ ಆಳ ಸಮುದ್ರದಿಂದ 2024ರ ಜನವರಿಯಲ್ಲಿ ಹೊಸ ತೈಲ ಬರಲು ಶುರುವಾಯಿತು ನಿಜ, ಆದರೆ ಸುದ್ದಿ ಕೇಳಿ ಕುಣಿಯಬೇಡಿ, ಒಟ್ಟು ಉತ್ಪಾದನೆ ಏರಿತಾ ಅಂತ ಪ್ರತಿ ವರ್ಷ ನೋಡಿ. ಒಎನ್‌ಜಿಸಿ ಕೈಯಲ್ಲಿರುವ ಎಚ್‌ಪಿಸಿಎಲ್, ಇಂಡಿಯನ್ ಆಯಿಲ್ ಶೇರುಗಳ ಬೆಲೆಯನ್ನೂ ಸೇರಿಸಿ ‘ಇಷ್ಟು ಆಸ್ತಿ ಇದೆ’ ಅನ್ನುವವರಿದ್ದಾರೆ. ಮಾರುವ ಉದ್ದೇಶವೇ ಕಾಣದ ಆಸ್ತಿಗೆ ನಾನು ಅರ್ಧ ಬೆಲೆಯೂ ಹಾಕುವುದಿಲ್ಲ.

ಡಿವಿಡೆಂಡ್ ಚೆನ್ನಾಗಿರುವುದಕ್ಕೆ ಕಾರಣ ಇದೆ. ದೊಡ್ಡ ಪಾಲುದಾರ ಸರ್ಕಾರ, ಅದಕ್ಕೂ ದುಡ್ಡು ಬೇಕು. ಲಾಭದ ಶೇ 30 ಅಥವಾ ನೆಟ್‌ವರ್ತ್‌ನ (ಸಾಲ ಕಳೆದು ಉಳಿಯುವ ಕಂಪನಿಯ ಆಸ್ತಿ) ಶೇ 4, ಯಾವುದು ಜಾಸ್ತಿಯೋ ಅಷ್ಟನ್ನಾದರೂ ಕೊಡಬೇಕು ಅಂತ 2024ರ ಮಾರ್ಗಸೂಚಿ ಹೇಳುತ್ತದೆ. ಆದರೂ ಅದು ಬ್ಯಾಂಕಿನ ಬಡ್ಡಿಯಲ್ಲ. ನಷ್ಟ ಮಾಡಿದ 2022-23ಕ್ಕೆ ಎಚ್‌ಪಿಸಿಎಲ್ ಡಿವಿಡೆಂಡ್ ಕೊಡಲಿಲ್ಲ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೇ ಸೇರುತ್ತದೆ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ‘ಡಿವಿಡೆಂಡ್ ಬರೋ ಹಿಂದಿನ ದಿನ ಕೊಂಡು ಮರುದಿನ ಮಾರ್ತೀನಿ’ ಅನ್ನುವ ಜಾಣತನ ನಡೆಯಲ್ಲ, ಎಕ್ಸ್-ಡೇಟ್ ದಿನ (ಆ ದಿನದಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗಲ್ಲ) ಶೇರಿನ ಬೆಲೆ ಸಾಮಾನ್ಯವಾಗಿ ಅಷ್ಟು ಇಳಿದೇ ತೆರೆಯುತ್ತದೆ.

ಗ್ಯಾಸ್ ಬಗ್ಗೆ ಜಾಸ್ತಿ ಹೇಳಲ್ಲ. ಗೇಲ್ ಕಂಪನಿಯ ದಾಭೋಲ್-ಬೆಂಗಳೂರು ಪೈಪ್‌ಲೈನ್ ನಮ್ಮ ಧಾರವಾಡ, ಗದಗ ಕಡೆಯಿಂದಲೇ ಹೋಗುತ್ತದೆ. ಅದರಲ್ಲಿ ಗ್ಯಾಸ್ ಸಾಗಿಸಿದ್ದಕ್ಕೆ ಬರುವ ಬಾಡಿಗೆ ನಿಯಂತ್ರಣ ಮಂಡಳಿ ಗೊತ್ತು ಮಾಡಿದ್ದು, ಹಾಗಾಗಿ ಆ ಭಾಗದ ಆದಾಯ ಉಳಿದವುಗಳಿಗಿಂತ ಸಮಾಧಾನದ್ದು.

ಎಂಆರ್‌ಪಿಎಲ್ ನಮ್ಮ ರಾಜ್ಯದ್ದು ಅನ್ನುವುದು ಶೇರು ಕೊಳ್ಳಲು ಕಾರಣವೇ ಅಲ್ಲ. ಅದಕ್ಕೆ ದೊಡ್ಡ ಬಂಕ್ ಜಾಲ ಇಲ್ಲ, ಲಾಭ ಎಲ್ಲ ರಿಫೈನಿಂಗ್ ಮಾರ್ಜಿನ್ ಮೇಲೆ ನಿಂತಿದೆ. ಒಂದು ಬ್ಯಾರೆಲ್ ಶುದ್ಧ ಮಾಡಿದರೆ ಎಷ್ಟು ಡಾಲರ್ ಉಳಿಯಿತು ಅನ್ನುವ ಜಿಆರ್‌ಎಂ ಅಂಕಿಯನ್ನು ಪ್ರತಿ ತ್ರೈಮಾಸಿಕದಲ್ಲಿ ಹೇಳುತ್ತಾರೆ. 2023-24ರಲ್ಲಿ ಸುಮಾರು 3,600 ಕೋಟಿ ಲಾಭ ಮಾಡಿದ ಕಂಪನಿ ಮರು ವರ್ಷ ಕೈಗೆ ಏನೂ ಸಿಗದಷ್ಟು ಕಡಿಮೆಗೆ ಬಂತು. ಹಳೆಯ ಲಾಭದ ಪಿಇ ಹಿಡಿದು ಕೊಂಡವರ ಕಥೆ ನೀವೇ ಊಹಿಸಿಕೊಳ್ಳಿ.

ನಿಮ್ಮ 50 ಸಾವಿರದಲ್ಲಿ ಮಗಳ ಕಾಲೇಜಿಗೆ ಬೇಕಾದಷ್ಟನ್ನು ಮೊದಲು ಎಫ್‌ಡಿಯಲ್ಲಿ ಇಡಿ. ಎರಡು ವರ್ಷ ಈ ಶೇರುಗಳಿಗೆ ಏನೇನೂ ಸಾಲದು, ಸರಿಯಾಗಿ ನಷ್ಟದ ವರ್ಷದಲ್ಲೇ ಫೀಸ್ ಕಟ್ಟುವ ದಿನ ಬರಬಹುದು. ಉಳಿದದ್ದರಲ್ಲಿ ನಾನಾದರೆ 10 ಸಾವಿರಕ್ಕಿಂತ ಜಾಸ್ತಿ ಇಲ್ಲಿ ಹಾಕಲ್ಲ. ಅದನ್ನೂ ಬಂಕ್ ಕಂಪನಿಗಳ ತ್ರೈಮಾಸಿಕ ಫಲಿತಾಂಶ ಕೆಟ್ಟು, ಶೇರು ಬುಕ್ ವ್ಯಾಲ್ಯೂ ಹತ್ತಿರ ಬರುವವರೆಗೆ ಕಾಯುತ್ತೇನೆ. ನೀವು ನೋಡಿರುವ ಕಂಪನಿಯ ಐದು ವರ್ಷದ ಲಾಭ ಇಲ್ಲೇ ಬರೆದು ಹಾಕಿ, ಸರಾಸರಿ ಲೆಕ್ಕ ನಾನು ಮಾಡಿಕೊಡುತ್ತೇನೆ.